ಹಳೆಯ ವಾಚಿನ ತಮ್ಮ

ವಾಚ್ ರಿಪೇರಿಯ ‘ಒಂದ್ನಿಮಿಷ’ ಹೋದ ಮಂಗಳವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡ. ಎದೆನೋವೆಂದು ಕೂತವನಲ್ಲ, ಆಸ್ಪತ್ರೆ ಕಂಡವನಲ್ಲ. ಅರವತ್ತೇಳು ತುಂಬಿತ್ತು.

ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಊಟಕ್ಕೆ ಕರೆದರೂ, ಗಿರಾಕಿ ಬಂದು ನಿಂತರೂ ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ ‘ಒಂದ್ನಿಮಿಷ’ ಅನ್ನುತ್ತಿದ್ದ. ಊರಿಗೆ ಅದೇ ಅವನ ಹೆಸರಾಯಿತು. ಆ ಮಾತು ನಂಬಿ ನಿಂತವರು ಕಾಲು ನೋಯಿಸಿಕೊಂಡದ್ದೇ ಬಂತು. ತನ್ನ ಮದುವೆಗೂ ತಡವಾಗಿಯೇ ಬಂದನಂತೆ. ವಾಚು ಸರಿಯಾಗಿತ್ತು, ಮನುಷ್ಯ ನಿಧಾನ.

ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಮೇಲೆ ಯಾರಾದರೂ ಹತ್ತಿದರೆ ಮೇಜು ನಡುಗುತ್ತಿತ್ತು. ಹೆಜ್ಜೆ ಕೇಳಿದೊಡನೆ ಚಿಮಟ ಹಿಡಿದ ಕೈ ಗಾಳಿಯಲ್ಲೇ ತಡೆದು, ಸದ್ದಡಗಿದ ಮೇಲೆ ಸ್ಕ್ರೂ ಕೂರಿಸುತ್ತಿದ್ದ. ಹಾಗೆಯೇ ಮುದುಕನಾಗುತ್ತಿದ್ದನೇನೋ, ಅಕ್ಕನ ಮಗಳು ಬಂದರಿನ ಮುಳುಗುಗಾರರ ತಂಡಕ್ಕೆ ಸೇರದಿದ್ದರೆ.

ಹಡಗಿನ ತಳಕ್ಕೆ ಕಚ್ಚಿಕೊಂಡ ಚಿಪ್ಪು, ಪಾಚಿ ಕೆರೆಯುವ ಕೆಲಸ ಅದು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಅಳತೆಯ ಉಸಿರು. ಇಳಿದು ಎಷ್ಟು ಹೊತ್ತಾಯಿತೆಂದು ಮಣಿಕಟ್ಟು ನೋಡಿಯೇ ತಿಳಿಯಬೇಕು. ಸಂತೆಯಲ್ಲಿ ಸಿಗುವ ಅಗ್ಗದ ವಾಚುಗಳು ಕೆಲವೇ ವಾರಕ್ಕೆ ನೀರು ಕುಡಿದು ನಿಲ್ಲುತ್ತಿದ್ದವು. ತಂಡದ ಹಳೆಯ ಮೇಸ್ತ್ರಿಯ ಕೈಯಲ್ಲಿ ಮಾತ್ರ ಒಂದು ವಿದೇಶಿ ವಾಚಿತ್ತು. ಹರೆಯದಲ್ಲಿ ಯಾವುದೋ ಹಡಗಿನವನಿಂದ ಕೊಂಡದ್ದು. ಈಗ ಅಂಥದ್ದು ಬೇಕೆಂದರೆ ಮನೆ ಮಾರಬೇಕು.

ಹುಡುಗಿ ಮಳೆಗಾಲ ಕಳೆದ ಮೇಲೆ ಮೊದಲ ಸಲ ಹಡಗಿನಡಿಗೆ ಇಳಿಯುವವಳಿದ್ದಳು. ಅಕ್ಕ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತಳು.

“ನಾನು ಹೇಳಿದ್ರೆ ಕೇಳಲ್ಲ. ನೀನಾದ್ರೂ ಬೇಡ ಅನ್ನೋ.”

“ಬೇಡ ಅಂದ್ರೆ ಬಿಡೋಳಾ ಅವಳು? ಯಾರ ಮಗಳು?” ಅಂದ. ಆಮೇಲೆ, “ಅವಳ ಕೈಗೆ ಒಂದು ವಾಚು ಕಟ್ಟೋ ಜವಾಬ್ದಾರಿ ನಂದು,” ಅಂದ.

ಮೇಸ್ತ್ರಿಯ ವಾಚು ಸರ್ವಿಸಿಗೆಂದು ಅವನ ಬಳಿಯೇ ಬಂದಿತ್ತು. ಬಿಚ್ಚಿ ನೋಡಿದವನಿಗೆ ಹೊಸ ಹೆಂಡತಿ ಬಂದಷ್ಟು ಸಂಭ್ರಮ. ದಪ್ಪ ಗಾಜು, ತಿರುಪಿ ಕೂರಿಸುವ ಕೀಲಿ, ಗಾಜಿನ ಸುತ್ತ ನಿಮಿಷ ಗುರುತಿಟ್ಟ ಬಳೆ. ಇಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಕೊಂಡರೆ, ನೀರಿನಲ್ಲಿ ಕಳೆದ ಹೊತ್ತು ಲೆಕ್ಕ ಹಾಕದೆಯೇ ಕಾಣುತ್ತದೆ. ಎಲ್ಲವನ್ನೂ ಅಳೆದು ಅಂಥದ್ದೇ ಒಂದನ್ನು ಮಾಡಲು ಹೊರಟ. ಒಳಗೆ ಸುಲಭ ಬೆಲೆಯ ಸಿದ್ಧ ಯಂತ್ರ. ಉಕ್ಕಿನ ಹೊರಮೈ ಪಂಪಿನ ಬಿಡಿಭಾಗ ಕಡೆಯುವ ಲೇತ್‌ನವನದು.

“ಆ ಕಂಪನಿ ಹೆಸರೇ ಹಾಕಿಬಿಡು ಮಾರಾಯ, ಯಾರು ಕೇಳ್ತಾರೆ?” ಅಂದ ಲೇತ್‌ನವನು.

“ಹೆಸರು ಹಾಕಿದ್ರೆ ಕಳ್ಳಮಾಲು. ಇದು ಅದರ ತಮ್ಮ. ಮುಖದ ಹೋಲಿಕೆ ಇರುತ್ತೆ, ಮನೆ ಬೇರೆ.”

ಅಣ್ಣನಲ್ಲಿದ್ದ ಒಂದು ಗುಣವನ್ನು ಅವನು ತಮ್ಮನಿಗೆ ಕೊಡಲಿಲ್ಲ. ಹಳೆಯದರ ಬಳೆ ಎರಡೂ ಕಡೆ ತಿರುಗುತ್ತಿತ್ತು. ಇವನು ಒಂದೇ ಕಡೆ ತಿರುಗುವಂತೆ ಹಲ್ಲು ಕೊರೆಸಿದ. ಎಲ್ಲಾದರೂ ತಗುಲಿ ಸರಿದರೂ ಹೊತ್ತು ಹೆಚ್ಚಾಗಿದೆಯೆಂದೇ ತೋರಿಸಬೇಕು. ಮುಳುಗಿದವಳು ಬೇಗ ಮೇಲೆ ಬಂದರೆ ನಷ್ಟವೇನು?

ಮನೆಯಲ್ಲಿ ಹೆಂಡತಿಯ ತಾಳ್ಮೆ ಮುಗಿಯುತ್ತ ಬಂದಿತ್ತು. “ಸ್ನಾನಕ್ಕೆ ಹೋದ್ರೆ ಬಕೆಟ್ಟಲ್ಲಿ ವಾಚು, ಊಟಕ್ಕೆ ಕೂತ್ರೆ ತಟ್ಟೆ ಪಕ್ಕ ವಾಚು. ಇಷ್ಟು ವಾಚಿದ್ದೂ ಈ ಮನುಷ್ಯರಿಗೆ ಹೊತ್ತು ಗೊತ್ತು ಅನ್ನೋದೊಂದಿಲ್ಲ!”

ಸೋದರಸೊಸೆ, ಆ ಹುಡುಗಿಯ ಕೀಟಲೆ ಬೇರೆ. “ಮಾವ, ನಿನ್ನ ವಾಚು ಮುಗಿಯೋ ಹೊತ್ತಿಗೆ ಸಮುದ್ರ ಬತ್ತಿರುತ್ತೆ.”

“ಆಗ ನಡ್ಕೊಂಡು ಹೋಗಿ ಕೆರಿ. ಅಮ್ಮಂಗೂ ನೆಮ್ಮದಿ.”

ಅವನ ಪ್ರಾಣವೆಲ್ಲ ಇದ್ದದ್ದು ವಾಚಿನ ಮುಖದ ಮೇಲೆ. ಹಳೆಯ ವಾಚಿನದು ಹುರಿದ ಕಾಫಿ ಬೀಜದಂಥ ಕಂದು. ಗಂಟೆಯ ಚುಕ್ಕಿಗಳು ಬೆಣ್ಣೆಯ ಬಣ್ಣ. ಆ ಕಂದು ಬರಿಸಲು ಬಣ್ಣದಂಗಡಿಯವನ ಪ್ರಾಣ ತಿಂದ. ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಹಿಡಿದು ನೋಡಿ ಮತ್ತೆ ಬೆರೆಸಿದ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳಿಜವಳಿ. ಮಗುವಿಗೆ ಹೊಸ ಬಟ್ಟೆ ತೊಡಿಸಿ ಅಜ್ಜನಿಗೆ ತೋರಿಸಲು ಹೊರಟವನಂತೆ ಸೊಸೆಯನ್ನೂ ಕರೆದುಕೊಂಡು ಮೇಸ್ತ್ರಿಯ ಮನೆಗೆ ಹೋದ.

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು. ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಕೆಮ್ಮು ಬರುವವರೆಗೂ ನಕ್ಕರು.

“ಅಯ್ಯಾ, ಇದು ಕಂದು ಅಂತ ನಿಂಗ್ಯಾರು ಹೇಳಿದ್ರು? ನಾನು ಕೊಂಡಾಗ ಕಾಡಿಗೆ ಹಾಗೆ ಕಪ್ಪಗಿತ್ತು ಕಣೋ! ಬಿಸಿಲು ತಿಂದು ತಿಂದು ಹೀಗಾಗಿದೆ. ಚುಕ್ಕಿ ಬೆಳ್ಳಗಿದ್ವು, ಕತ್ತಲಲ್ಲಿ ಮಿಂಚುಹುಳದ ಹಾಗೆ ಉರೀತಿದ್ವು. ಈಗ ಸತ್ತಿವೆ. ನೀನು ಅದರ ಮುಪ್ಪನ್ನೂ ನಕಲು ಹೊಡ್ದಿದೀಯಲ್ಲೋ!”

ಒಂದ್ನಿಮಿಷನ ಮುಖ ಹರಳೆಣ್ಣೆ ಕುಡಿದಂತಾಯಿತು. ಸೊಸೆ ವಾಚು ತೆಗೆದುಕೊಂಡು ಮಂಚದ ಕೆಳಗೆ ತೂರಿದಳು. ಹಡಗಿನಡಿ ನಡುಹಗಲಲ್ಲೂ ಅಷ್ಟೇ ಕತ್ತಲು.

“ಏನಾದ್ರೂ ಕಾಣುತ್ತೇನೇ?”

“ಮೇಸ್ತ್ರಿಗಳ ಕಳೆದುಹೋದ ಚಪ್ಪಲಿ ಕಾಣ್ತಿದೆ ಮಾವ. ವಾಚು ಕಾಣ್ತಿಲ್ಲ.”

ಮೊದಲು ನಕ್ಕದ್ದು ಅವನೇ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಾರಿಯಲ್ಲಿ ಮಾತ್ರ ಅವನು ಒಮ್ಮೆ ನಿಂತು, “ನಾನು ಚಂದ ನೋಡ್ತಾ ಕೂತೆ, ನೀನು ಅಲ್ಲಿ ಕತ್ತಲಲ್ಲಿ ಇರ್ತಿದ್ದೆ,” ಅಂದ. ಅವಳು ಅವನ ತೋಳು ಹಿಡಿದುಕೊಂಡಳು.

ಮರುದಿನವೇ ಕಂದು ಕೆರೆದು ಹಾಕಿದ. ಕಪ್ಪು ಮುಖ, ಹೊಳೆಯುವ ಬಣ್ಣದ ದಪ್ಪ ಚುಕ್ಕಿಗಳು, ಮಸೂರದಲ್ಲಿ ನೋಡಿದರೆ ಅಂಚು ಕೊಂಚ ಸೊಟ್ಟ. ಅವಳನ್ನು ದಪ್ಪ ಕೈಗವಸು ಹಾಕಿಸಿ ಕೂರಿಸಿಕೊಂಡು ಬಳೆ ತಿರುಗಿಸಲು ಹೇಳಿದ, ಜಾರಿತು. ಲೇತ್‌ನವನು ಬೈದುಕೊಂಡೇ ಅಂಚಿಗೆ ಒರಟು ಹಲ್ಲು ಕೊರೆದುಕೊಟ್ಟ. ಪಂಪಿನವರ ಒತ್ತಡದ ಉರುಳೆಯಲ್ಲಿ ನೀರು ತುಂಬಿ, ಹಡಗಿನ ತಳದಲ್ಲಿರುವಷ್ಟು ಒತ್ತಡ ಕೊಟ್ಟು ವಾಚನ್ನು ಇಟ್ಟರು. ತೆಗೆದರೆ ಗಾಜಿನೊಳಗೆ ಉಗುರಿನಷ್ಟೂ ಮಂಜಿಲ್ಲ.

ಅವಳು ಇಳಿದ ದಿನ ಅಕ್ಕ-ತಮ್ಮ ಇಬ್ಬರೂ ಬಂದರಿನ ಕಟ್ಟೆಯ ಮೇಲಿದ್ದರು. ಅಕ್ಕ ಕಣ್ಣು ಮುಚ್ಚಿದ್ದಳು. ಇವನು ಗುಳ್ಳೆಗಳನ್ನೇ ನೋಡುತ್ತಿದ್ದ. ಅವಳು ಮೇಲೆ ಬಂದು, ಬಾಯಿಯ ಕೊಳವೆ ತೆಗೆದು, ಮಣಿಕಟ್ಟು ಎತ್ತಿ ಕೂಗಿದಳು: “ಮಾವಾ! ಕೆಳಗೆ ಎಲ್ಲರೂ ನನ್ನ ಕೈ ನೋಡೋಕೆ ಶುರು ಮಾಡಿದ್ರು! ಕೆಲಸವೇ ಆಗ್ಲಿಲ್ಲ!”

ಆಮೇಲೆ ತಂಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಂತು. ಒಂದು ತಿಂಗಳ ಕೂಲಿಯಲ್ಲಿ ತೀರುವಂಥದ್ದು. ಬೇರೆ ಬಂದರಿನವರೂ ಕೇಳಿಕೊಂಡು ಬಂದರು. ಎಲ್ಲರಿಗೂ ‘ಒಂದ್ನಿಮಿಷ’ ಅಂದ. ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಸೊಸೆ ಈಗ ಆ ತಂಡದ ಮೇಸ್ತ್ರಿ.

ಮಾರಿದ ಮೇಲೂ ಅವನ ಕಟ್ಟಳೆಯೊಂದಿತ್ತು. ವರ್ಷಕ್ಕೊಮ್ಮೆ ವಾಚು ತರಲೇಬೇಕು. ಬೆನ್ನು ಬಿಚ್ಚಿ ನೀರು ತಡೆಯುವ ರಬ್ಬರ್ ಉಂಗುರ ಬದಲಿಸುತ್ತಿದ್ದ. ಅವನು ತೀರಿಕೊಳ್ಳುವ ಹಿಂದಿನ ಸಂಜೆ, ಸೋಮವಾರ, ಸೊಸೆ ಬಂದಿದ್ದಳು. ಅವನು ಬೆನ್ನು ಬಿಚ್ಚಿ ಉಂಗುರ ತೆಗೆದು ಬುಟ್ಟಿಗೆ ಹಾಕಿದ.

ಅವಳು ಎತ್ತಿ ನೋಡಿ, “ಚೆನ್ನಾಗೇ ಇದೆಯಲ್ಲ ಮಾವ,” ಅಂದಳು.

“ಚೆನ್ನಾಗಿರುವಾಗಲೇ ಬಿಸಾಕ್ಬೇಕು ಕಣೇ. ಕೆಟ್ಟದ್ದು ಮೊದಲು ಗೊತ್ತಾಗೋದು ನಂಗಲ್ಲ, ನಿಂಗೆ.”

ಹೊಸ ಉಂಗುರಕ್ಕೆ ಬೆರಳ ತುದಿಯಿಂದ ಗ್ರೀಸು ಸವರಿ ಕೂರಿಸಿದ. ಬೆನ್ನು ಬಿಗಿದ. ಅಂಗಿಯ ಚುಂಗಿನಿಂದ ಗಾಜು ಒರೆಸಿ, ಅವಳ ಕೈ ಎಳೆದುಕೊಂಡು ತಾನೇ ಪಟ್ಟಿ ಕಟ್ಟಿದ.