ದೊಡ್ಡಕ್ಕನ ಹೊಟ್ಟೆಹುಣ್ಣು

ನೆರೂಳ್‌ನ ನಮ್ಮ ಸೊಸೈಟಿಯಲ್ಲಿ ನನ್ನ ಮಾತು ನಂಬಿ ಮೋಸಹೋಗದವರನ್ನು ಹುಡುಕಲು ದುರ್ಬೀನು ಬೇಕು. ಟೆರೇಸಿನ ಹೂಕುಂಡಗಳನ್ನೆಲ್ಲ ಮುನಿಸಿಪಾಲಿಟಿಯವರು ಜಪ್ತಿ ಮಾಡುತ್ತಾರಂತೆ ಎಂದು ಒಮ್ಮೆ ಲಿಫ್ಟಿನಲ್ಲಿ ಪಿಸುಗುಟ್ಟಿದ್ದೆ. ಸಂಜೆಯೊಳಗೆ ಸೆಕ್ರೆಟರಿಯ ಬೆಡ್‌ರೂಮಿನಲ್ಲಿ ಕರಿಬೇವಿನ ಗಿಡ ಬೀಡುಬಿಟ್ಟಿತ್ತು. ಇಂಥ ಪ್ರತಿಭಾವಂತನಿಗೂ ಒಂದು ಕಷ್ಟವುಂಟು: ನಿಜ ಹೇಳಿದರೆ ಜನ ನಗುತ್ತಾರೆ.

ಎರಡು ಸಾವಿರದ ಹದಿನೈದರ ಆಚೀಚೆ ಇರಬೇಕು. ಸಂಕ್ರಾಂತಿ ಕಳೆದ ವಾರ ನಮ್ಮ ಮನೆಯ ಅರಿಶಿನ-ಕುಂಕುಮಕ್ಕೆ ಹೆಂಡತಿಯ ತಂಗಿ ಡೊಂಬಿವಲಿಯಿಂದ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಗೆ ಹದಿಮೂರು. ಹೆಂಗಸರು ಬರುವ ಮೊದಲು ನಾವು ನಾಲ್ವರೂ ಕೂತು ಎಳ್ಳುಂಡೆಗೆ ಕಾಗದ ಸುತ್ತುತ್ತಿದ್ದೆವು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ತಡೆಯಲು ಲಸಿಕೆ ಉಂಟು, ಈ ವಯಸ್ಸಿನಲ್ಲೇ ಹಾಕಿಸುವುದು ಒಳ್ಳೆಯದು ಎಂದು ಕೆಳಗಿನ ಕ್ಲಿನಿಕ್ಕಿನ ಡಾಕ್ಟರಮ್ಮ ನನಗೆ ಹೇಳಿದ್ದರು. ಅದನ್ನು ನಾದಿನಿಗೆ ದಾಟಿಸಿದೆ.

"ಎಂತ ಭಾವ, ಡಾಕ್ಟರ್ ನಿಮಗೆ ಕಮಿಷನ್ ಕೊಡ್ತಾರಾ?"

"ಕೊಡ್ತಾರೆ ಮಾರಾಯ್ತಿ. ಹುಡುಗಿಗೊಂದು ಪ್ಲೇಟ್ ಇಡ್ಲಿ."

"ಈ ಪ್ರಾಯಕ್ಕೇ ಅಂಥ ಇಂಜೆಕ್ಷನ್ ಹಾಕಿಸಿದ್ರೆ ನಾಳೆ ಗಂಡಿನ ಕಡೆಯವರು ಎಂತ ತಿಳ್ಕೊಳ್ಳಿಕ್ಕಿಲ್ಲ?"

ಭಾವೀ ಬೀಗಿತ್ತಿ ಭೂತಗನ್ನಡಿ ಹಿಡಿದು ಹುಡುಗಿಯ ತೋಳಿನಲ್ಲಿ ಸೂಜಿಯ ತೂತು ಹುಡುಕುವ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು. ಇದೇ ತಾಯಿ ಪೋಲಿಯೋ ಹನಿಗಾಗಿ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಮಗುವಿನ ಬಾಯಿ ತೆರೆಸಿದವಳು. ಆಗ ಯಾವ ಬೀಗರ ಒಪ್ಪಿಗೆಯೂ ಬೇಕಾಗಿರಲಿಲ್ಲ.

"ಅದೂ ಅಲ್ದೆ ನಮ್ಮ ಮನೆತನದಲ್ಲಿ ಆ ಕಾಯಿಲೆ ಯಾರಿಗೂ ಇಲ್ಲ."

"ಅದು ವೈರಸ್ಸಿಂದ ಬರುವುದಂತೆ. ವೈರಸ್ಸು ಮನೆತನ ಕೇಳಿಕೊಂಡು ಬರ್ತದಾ?"

ನಾದಿನಿ ನಕ್ಕಳು. ಹುಡುಗಿ ಮಾತ್ರ ತೋಳು ಮುಟ್ಟಿಕೊಂಡು, "ದೊಡ್ಡಪ್ಪ, ದುಖೇಗಾ ಕ್ಯಾ? ನೋವಾಗ್ತದಾ?" ಎಂದಳು.

ಹೆಂಡತಿ ಕಾಗದ ಸುತ್ತುವುದನ್ನು ನಿಲ್ಲಿಸಿದಳು. "ದೊಡ್ಡಕ್ಕ ಸತ್ತದ್ದು ಹೊಟ್ಟೆಹುಣ್ಣಿಂದ ಅಲ್ಲ."

ಅವರು ಮೂವರು ಅಕ್ಕತಂಗಿಯರು. ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿದ್ದ ಹಿರಿಯವಳು ನಲವತ್ತು ತುಂಬುವ ಮೊದಲೇ ಹೋದಳು. ಹೊಟ್ಟೆಹುಣ್ಣು ಎಂದೇ ಎಲ್ಲರೂ ನಂಬಿದ್ದೆವು. ಆ ಹುಣ್ಣಿನ ಹೆಸರು ಹೇಳಿಯೇ ಇವಳು ನನ್ನ ಮೆಣಸಿನಕಾಯಿ ಬಜ್ಜಿಯನ್ನೂ ನಿಲ್ಲಿಸಿದ್ದಳು.

"ಮತ್ತೆ?" ಎಂದಳು ನಾದಿನಿ.

"ಇವರು ಹೇಳಿದ್ರಲ್ಲ, ಅದೇ. ರಕ್ತ ಹೋಗ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳ್ಲಿಲ್ಲ. ನಿಲ್ಲಲಿಕ್ಕೆ ಆಗದ ಮೇಲೆ ಅಮ್ಮನಿಗೆ, ನನಗೆ ಹೇಳಿದ್ದು. ಆಗ ನಿನ್ನ ಮದುವೆ ಮಾತು ನಡೀತಾ ಇತ್ತು. ಗರ್ಭಕೋಶದ್ದು ಅಂತ ಗೊತ್ತಾದ್ರೆ ಗಂಡಿನವರು ಹಿಂದೆ ಸರೀತಾರೆ, ಹೊಟ್ಟೆಹುಣ್ಣು ಅಂತ್ಲೇ ಹೇಳು ಅಂದ್ರು ಅಮ್ಮ."

ನನ್ನ ಹೂಕುಂಡದ ಸುಳ್ಳು ಒಂದು ಸಂಜೆ ಬಾಳಿತ್ತು. ಇವಳದು ಅಷ್ಟೆಲ್ಲ ವರ್ಷ, ಅದೂ ನನ್ನ ತಟ್ಟೆಗೇ ಅನ್ನ ಬಡಿಸುತ್ತ. ಹೊಟ್ಟೆಕಿಚ್ಚಿನಿಂದ ಏನಾದರೂ ಕುಟುಕಬೇಕೆಂದುಕೊಂಡೆ. ಸುತ್ತಿಟ್ಟ ಉಂಡೆಗೇ ಇನ್ನೊಂದು ಕಾಗದ ಸುತ್ತಿದೆ.

"ನನ್ನ ಮದುವೆಗೋಸ್ಕರವಾ ಅಕ್ಕ?"

ಹೆಂಡತಿ ಸೆರಗಿನಿಂದ ಕೈಯ ಎಳ್ಳು ಒರೆಸಿಕೊಂಡಳು. ನಾದಿನಿ ಕಾಗದ ಬದಿಗಿಟ್ಟು, ಮಗಳ ಕೈ ಹಿಡಿದು, "ಭಾವ, ನಿಮ್ಮ ಡಾಕ್ಟರ್ ಈಗ ಇದ್ದಾರಾ?" ಎಂದಳು.

ಹೆಂಡತಿಯನ್ನು ಎಳ್ಳುಂಡೆಯ ಬಳಿ ಬಿಟ್ಟು ನಾವು ಮೂವರೂ ಕೆಳಗಿಳಿದೆವು. ಕ್ಲಿನಿಕ್ಕಿನ ಬೆಂಚಿನ ತುಂಬ ನಮ್ಮ ಬಿಲ್ಡಿಂಗಿನ ಹೆಂಗಸರೇ. ನಾಲ್ಕನೇ ಮಹಡಿಯ ಮರಾಠಿ ಹೆಂಗಸು, ಹುಡುಗಿಗೆ ಏನಾಯಿತೆಂದು ವಿಚಾರಿಸಿದಳು. ನಾನು "ನೆಗಡಿ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ತನ್ನ ಅರ್ಧಂಬರ್ಧ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: ಏನೂ ಆಗಿಲ್ಲ, ನನ್ನ ದೊಡ್ಡಕ್ಕ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಳು, ಇವಳಿಗೆ ಅದು ಬರಬಾರದೆಂದು ಲಸಿಕೆ ಹಾಕಿಸುತ್ತಿದ್ದೇನೆ.

ಬೆಂಚಿನ ಹೆಂಗಸರೆಲ್ಲ ಹುಡುಗಿಯತ್ತ ತಿರುಗಿದರು. ಆಮೇಲೆ ಆ ಹೆಂಗಸು ಸರಿದು ಜಾಗ ಮಾಡಿಕೊಟ್ಟು, ತನ್ನ ಮಗಳಿಗೆ ಹನ್ನೊಂದು, ಹಾಕಿಸಬಹುದೇ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಕೇಳಿದ್ದು ನಾದಿನಿಯನ್ನು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ನಾದಿನಿ ಮಗಳ ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚುತ್ತ, "ನೀವೂ ಬನ್ನಿ, ಡಾಕ್ಟರನ್ನೇ ಕೇಳುವ," ಎಂದು ಅವಳನ್ನೂ ಎಬ್ಬಿಸಿಕೊಂಡು ಒಳಗೆ ಹೋದಳು.