ಹೊನ್ನಪ್ಪನ ಮಗಳ ಚೈತ್ರ

ಹೆಂಡತಿಯನ್ನು ಹೊಗಳಿದರೆ "ಅಮ್ಮಾವ್ರ ಗಂಡ" ಅಂತೀರಿ. ಅನ್ನಿ, ನನಗೇನು! ಕೊಲ್ಕತ್ತದ ಜಾದವ್‌ಪುರದ ನಮ್ಮ ಗಲ್ಲಿಯಲ್ಲಿ ಈಗ ಯಾರೇ ಕಾಡಿಗೆ ಹೊರಟರೂ ರಜೆ ಹಾಕುವ ಮೊದಲು ನನ್ನ ಚನ್ನಮ್ಮನನ್ನು ಕೇಳುತ್ತಾರೆ. ಯಾಕೆ ಅಂತ ಹೇಳುತ್ತೇನೆ.

ನಾನು ವಿಶ್ವೇಶ್ವರ, ಕೇಂದ್ರ ಸರ್ಕಾರದ ನೌಕರ. ಮೈಸೂರು ಕಡೆಯಿಂದ ವರ್ಗವಾಗಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಎಲ್ಲರ ಬಾಯಲ್ಲೂ ಮಾಸ್ಟರ್‌ಮಶಾಯ್. ಸುಂದರ್‌ಬನಕ್ಕೆ ಹನ್ನೊಂದು ಸಲ ಹೋಗಿ ಹುಲಿಯ ಹೆಜ್ಜೆ ಮಾತ್ರ ನೋಡಿ ಬಂದವರು. ಎಪ್ಪತ್ನಾಲ್ಕು ವಯಸ್ಸು, ಮಂಡಿ ಕೈಕೊಟ್ಟಿದೆ. ಒಂದು ದಿನ "ಬೌಮಾ" ಎಂದರು ಚನ್ನಮ್ಮನಿಗೆ. ಇಲ್ಲಿ ಸೊಸೆಯನ್ನು ಕರೆಯುವುದು ಹಾಗೆ. "ನಿಮ್ಮ ಕಬಿನಿ ಕಾಡಿಗೆ ಕರೆದುಕೊಂಡು ಹೋಗು. ಇದೊಂದೇ ಸಲ, ಆಮೇಲೆ ನನ್ನ ಕೈಲಾಗದು. ಪೂಜೆ ರಜೆಯಲ್ಲಿ ಹೊರಡೋಣ."

ದುರ್ಗಾಪೂಜೆ ರಜೆ ಬಂತೆಂದರೆ ಅರ್ಧ ಕೊಲ್ಕತ್ತ ಗಂಟುಮೂಟೆ ಕಟ್ಟುತ್ತದೆ. ಆದರೆ ಚನ್ನಮ್ಮ ಬಿಡಬೇಕಲ್ಲ!

"ಮಳೆ ಆಗಷ್ಟೇ ಮುಗಿದಿರುತ್ತೆ. ಕಾಡಿನ ತುಂಬ ನೀರು, ಆಳೆತ್ತರ ಹುಲ್ಲು. ನಿಮ್ಮ ಜೀಪಿನ ಹತ್ತಿರ ಬರೋಕೆ ಹುಲಿಗೇನು ಗ್ರಹಚಾರ? ಚೈತ್ರದ ಕಡೇ ವಾರ ಹೋಗಬೇಕು. ಹೊಂಡಗಳೆಲ್ಲ ಬತ್ತಿರುತ್ತೆ, ಉಳಿದ ನೀರಿಗೆ ಎಲ್ಲಾ ಪ್ರಾಣಿನೂ ಬರಲೇಬೇಕು. ನಮ್ಮಪ್ಪ ಹೇಳಿದ ಮಾತು."

ಅವಳಪ್ಪ ಹೊನ್ನಪ್ಪ ಅದೇ ಕಾಡಿನಲ್ಲಿ ಮೂವತ್ತು ವರ್ಷ ಫಾರೆಸ್ಟ್ ವಾಚರ್. ಮಾಸ್ಟರ್‌ಮಶಾಯ್ ಒಪ್ಪಿಬಿಟ್ಟರು. ಗಲ್ಲಿಯವರು ಮಾತ್ರ ಆ ಬಿಸಿಲಿಗೆ ಮುದುಕರನ್ನು ಕರೆದೊಯ್ಯುವುದೇ ಎಂದು ನಕ್ಕರು. ಇವಳಿಗೆ ರೇಗಿತು. "ಹುಲಿ ತೋರಿಸದೇ ಇದ್ದರೆ ನಾನು ಹೊನ್ನಪ್ಪನ ಮಗಳೇ ಅಲ್ಲ" ಅಂದುಬಿಟ್ಟಳು.

ಟಿಕೆಟ್ಟು, ಲಾಡ್ಜು ಎಲ್ಲ ಮಾಸ್ಟರ್‌ಮಶಾಯ್ ಅವರೇ ಮಾಡಿಸಿದರು. ತಾರೀಖು ನೋಡಿ ಚನ್ನಮ್ಮ ಹಣೆ ಚಚ್ಚಿಕೊಂಡಳು. ಏಪ್ರಿಲ್ ಒಂಬತ್ತು! ಬಂಗಾಳಿಗಳ ಚೈತ್ರ, ಅಂದರೆ ಅವರ ಚೊಯಿತ್ರೊ, ಮುಗಿಯುವುದು ಆ ವಾರ. ನಮ್ಮ ಚೈತ್ರ ಶುರುವಾಗುವುದೇ ಆ ದಿನ, ಯುಗಾದಿಗೆ. ಹೆಚ್ಚೂಕಡಿಮೆ ಒಂದು ತಿಂಗಳು ಮುಂಚೆ ಹೊರಟಿದ್ದೆವು. ಲಾಡ್ಜಿನವರನ್ನು ಕೇಳಿದರೆ ಮೇ ತಿಂಗಳೆಲ್ಲ ಭರ್ತಿ ಅಂದರು. "ತಪ್ಪು ನಂದೇ. ತಾರೀಖು ಹೇಳಬೇಕಿತ್ತು" ಅಂದಳೇ ಹೊರತು ಮೇಷ್ಟ್ರನ್ನು ಒಂದು ಮಾತೂ ಅನ್ನಲಿಲ್ಲ.

ಯುಗಾದಿಯ ದಿನ ಕಾಡಂಚಿನಲ್ಲಿ ಬೇವುಬೆಲ್ಲ ತಿಂದೆವು. ಬೆಲ್ಲಕ್ಕಿಂತ ಬೇವೇ ಹೆಚ್ಚಾಯಿತು, ಯಾಕಂದರೆ ಹಿಂದಿನ ದಿನವಷ್ಟೇ ಮಳೆ ಹೊಡೆದು ಹೊಂಡಗಳೆಲ್ಲ ತುಂಬಿದ್ದವು. ಮೂರು ಸಫಾರಿ ಮುಗಿದರೂ ಆನೆ, ಜಿಂಕೆ, ನವಿಲು ಅಷ್ಟೆ. "ಪರವಾಗಿಲ್ಲ ಬೌಮಾ" ಎಂದರು ಮಾಸ್ಟರ್‌ಮಶಾಯ್. ಆಗ ಅವಳ ಮುಖ ನೋಡಲಾಗಲಿಲ್ಲ ನನಗೆ.

ಕೊನೆಯ ಸಫಾರಿ. ಹೊತ್ತು ಇಳಿಯುತ್ತಿತ್ತು, ಜೀಪು ಗೇಟಿನ ಕಡೆ ತಿರುಗಿತ್ತು. ಚನ್ನಮ್ಮ ಎದ್ದು ಡ್ರೈವರ್ ಹೆಗಲು ತಟ್ಟಿದಳು.

"ಇಂಜಿನ್ ನಿಲ್ಸಪ್ಪಾ! ಮುಸುವ ಕೂಗ್ತಿದೆ."

ಮರದ ತುದಿಯಲ್ಲಿ ಕರಿಮೂತಿಯ ಮುಸುವವೊಂದು ಕೆಮ್ಮಿದ ಹಾಗೆ ಖಕ್, ಖಕ್ ಎನ್ನುತ್ತಿತ್ತು.

"ಮಂಗ ಕೂಗದೆ ಇನ್ನೇನು ಭಜನೆ ಮಾಡುತ್ತಾ?" ಅಂದೆ.

"ಸುಮ್ನಿರ್ರೀ! ಇದು ಜಗಳದ ಕೂಗಲ್ಲ, ಎಚ್ಚರಿಕೆ ಕೂಗು. ಯಾವುದೋ ದೊಡ್ಡ ಪ್ರಾಣಿ ನಡೀತಿದೆ. ಎಡಗಡೆ ನೋಡಿ."

ಡ್ರೈವರ್ ಕಿವಿಗೊಟ್ಟು ಕೇಳಿ ಹೌದೆಂದು ತಲೆಯಾಡಿಸಿದ. ಏಳೆಂಟು ನಿಮಿಷ ಎಲ್ಲರೂ ಅತ್ತಲೇ ಕಣ್ಣು ನೆಟ್ಟು ಕೂತೆವು. ಎಡಗಡೆ ಪೊದೆ ಅಲುಗಿತು. ಹುಲಿ, ಸಾಕ್ಷಾತ್ ಹುಲಿ! ದಾರಿಗೆ ಬಂದು ನಿಂತು ನಮ್ಮನ್ನು ನೋಡಿ, ಮಾವನ ಮನೆಗೆ ಬಂದ ಹೊಸ ಅಳಿಯನ ಗತ್ತಿನಲ್ಲಿ ದಾಟಿ ಹೋಯಿತು. ಮಾಸ್ಟರ್‌ಮಶಾಯ್ ಗಳಗಳ ಅತ್ತರು. ಚನ್ನಮ್ಮನ ಎರಡೂ ಕೈ ಹಿಡಿದು "ನಿಮ್ಮಪ್ಪ ನನಗಿಂತ ದೊಡ್ಡ ಮೇಷ್ಟ್ರು" ಎಂದರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿಹೋಯಿತು.

ಲಾಡ್ಜಿಗೆ ಬಂದ ಮೇಲೂ ಅವಳು ಕಾಫಿ ಮುಟ್ಟದೆ ಕಾಡಿನ ಕಡೆಯೇ ನೋಡುತ್ತ ಕೂತಿದ್ದಳು.

"ಚಿಕ್ಕಂದಿನಲ್ಲಿ ಎಷ್ಟು ಹುಲಿ ನೋಡಿದ್ದೀಯೋ! ಇವತ್ತೇನೇ ಇಷ್ಟು ಬೆರಗು?" ಎಂದು ರೇಗಿಸಿದೆ.

"ಎಲ್ಲಿ ನೋಡಿದ್ದೆ? ಹೆಣ್ಣುಮಕ್ಕಳು ಕಾಡಿಗೆ ಬರಬಾರದು ಅಂತ ಅಪ್ಪ ನಮ್ಮನ್ನ ಕ್ವಾರ್ಟರ್ಸ್ ಒಳಗೇ ಬಿಟ್ಟು ಹೋಗೋರು. ಕೂತಲ್ಲೇ ಕೂಗು ಕೇಳ್ತಿದ್ದೆ, ಅದರರ್ಥ ಅಪ್ಪ ಸಂಜೆ ಬಂದು ಹೇಳೋರು, ಅಷ್ಟೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೂ ಇವತ್ತೇ ರೀ ನೋಡಿದ್ದು, ಮೊದಲನೇ ಸಲ."