ಕಳ್ಳರು ಕೊಟ್ಟ ಸ್ಯಾಂಪಲ್

ನಮ್ಮ ಗೋದಾಮು ಮೂಡಿಗೆರೆಯಿಂದ ಗೋಣಿಬೀಡಿಗೆ ಹೋಗುವ ದಾರಿಯಲ್ಲಿದೆ. ಸಣ್ಣ ಬೆಳೆಗಾರರು ಒಣಗಿಸಿದ ಕಾಫಿ ತಂದು ಇಡುತ್ತಾರೆ, ವ್ಯಾಪಾರ ಕುದುರಿದಾಗ ಒಯ್ಯುತ್ತಾರೆ. ಚೀಲದ ಮೇಲೆ ಬರೀ ನಂಬರು. ಯಾವ ನಂಬರು ಯಾರದು ಅನ್ನುವುದು ಕಂಪ್ಯೂಟರಿನಲ್ಲಿ. ಚೀಟಿ ಕೊಡುವ ಪದ್ಧತಿಯನ್ನು ನಾನೇ ನಿಲ್ಲಿಸಿದ್ದೆ. ದೊಡ್ಡ ಬುದ್ಧಿವಂತ ನೋಡಿ!

ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಒಂದು ಫೈಲೂ ತೆರೆಯಲಿಲ್ಲ. ಹೆಸರುಗಳೆಲ್ಲ ಅಡ್ಡಾದಿಡ್ಡಿ ಅಕ್ಷರ. ಪರದೆಯ ತುಂಬ ಒಂದು ಕಾಗದ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ ಕೊಡುತ್ತೇವೆ. ಹೆದರಿಕೆ ಆಯಿತು, ಸುಳ್ಳೇಕೆ. ಆದರೆ ಅದಕ್ಕಿಂತ ಹೆಚ್ಚು ಕುತೂಹಲ. ಎಂಥ ಮರ್ಯಾದೆಯ ಭಾಷೆ ಮಾರಾಯ್ರೆ! ಎಷ್ಟು ಸಲ 'ದಯವಿಟ್ಟು'! ನಂಬಿಕೆ ಬರಲಿ ಅಂತ ಒಂದು ಫೈಲನ್ನು ಪುಕ್ಕಟೆ ಬಿಚ್ಚಿಕೊಡುತ್ತಾರಂತೆ. ನಾವು ಚೀಲದಿಂದ ಒಂದು ಹಿಡಿ ಸ್ಯಾಂಪಲ್ ತೆಗೆದು ತೋರಿಸುವುದಿಲ್ಲವೇ, ಹಾಗೇ.

ಚಿಕ್ಕಮಗಳೂರಿನಿಂದ ರಿಪೇರಿಯವರು ಬಂದು, "ಬ್ಯಾಕಪ್ ಎಲ್ಲಿ ಸಾರ್?" ಅಂದರು. ಹೆಮ್ಮೆಯಿಂದ ತೋರಿಸಿದೆ: ಕಂಪ್ಯೂಟರ್ ಡಬ್ಬದ ಮೇಲೇ ಹಾರ್ಡ್ ಡಿಸ್ಕ್, ವರ್ಷವಿಡೀ ಸಿಕ್ಕಿಸಿಯೇ ಇರುತ್ತದೆ. ಬೀರುವಿನಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಲ್ಲ, ಇಲ್ಲಾದರೆ ಬೆಚ್ಚಗಿರುತ್ತೆ. ಅವರು ತಲೆ ಚಚ್ಚಿಕೊಂಡರು. ಸಿಕ್ಕಿಸಿಟ್ಟಿದ್ದರಿಂದಲೇ ಅದಕ್ಕೂ ಬೀಗ ಬಿದ್ದಿತ್ತು. ಈಗ ಕೆಲಸ ಮುಗಿದ ಕೂಡಲೇ ಕಿತ್ತು, ಪ್ಲಾಸ್ಟಿಕ್ ಸುತ್ತಿ, ಅಕ್ಕಿ ಡಬ್ಬದಲ್ಲಿ ಹುಗಿದಿಡುತ್ತೇನೆ. ಹೆಂಡತಿ ಬೈಯುವುದು ಬೇರೆ.

ಅವತ್ತು ರಿಪೇರಿಯವರು ಇರುವಾಗಲೇ ಕಳಸದ ಹತ್ತಿರದ ಸಂಸೆಯ ಹೆಂಗಸೊಬ್ಬರು ಬಂದರು. ಆ ವರ್ಷ ಮೊದಲ ಸಲ ಅವರು ಕೆಂಪು ಹಣ್ಣನ್ನಷ್ಟೇ ಆರಿಸಿ, ಬೇರೆಯಾಗಿ ಒಣಗಿಸಿದ ಆರು ಚೀಲ ನಮ್ಮಲ್ಲಿತ್ತು. ಮಧ್ಯಾಹ್ನ ಬೆಂಗಳೂರಿನ ವ್ಯಾಪಾರಿಯೊಬ್ಬರು ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಪ್ರತಿ ವರ್ಷವೂ ಇವರ ಕಾಫಿಯೇ.

"ನನ್ನ ಚೀಲ ಯಾವುದಣ್ಣ?"

ಇನ್ನೂರು ಚೀಲದ ಮುಂದೆ ಇಬ್ಬರೂ ನಿಂತೆವು. ಅವರು ನಾಲ್ಕೈದು ಬಿಚ್ಚಿ ಮೂಸಿದರು. "ಎಲ್ಲಾ ಒಂದೇ ಥರ ಇದೆಯಲ್ಲ" ಅಂದರು.

"ಆ ಕಾಗದಕ್ಕೆ ಉತ್ತರ ಬರೆಯಬೇಡಿ, ಕಳ್ಳರಿಗೆ ಸಲುಗೆ ಕೊಟ್ಟ ಹಾಗಾಗುತ್ತೆ" ಅಂತ ರಿಪೇರಿಯವರು ಹೇಳಿದರೂ ನಾನು ಕೇಳಲಿಲ್ಲ. ಆ ಹೆಂಗಸಿಗೋಸ್ಕರ ಅಂದೆ. ನಿಜ ಹೇಳಬೇಕೆಂದರೆ, ಬಿಚ್ಚುತ್ತಾರೋ ಇಲ್ಲವೋ ನೋಡುವ ಚಪಲವೂ ಇತ್ತು. ಗಾತ್ರ ನೋಡಿ, ಚೀಲಗಳ ಪಟ್ಟಿ ಇದೇ ಇರಬೇಕು ಅಂತ ಒಂದು ಫೈಲು ಕಳಿಸಿದೆ. ಗಂಟೆಯೊಳಗೆ ವಾಪಸು ಬಂತು. ತೆರೆಯಿತು! ನಮ್ಮ ತೋಟದ ಮಳೆ ಲೆಕ್ಕ. ಹನ್ನೆರಡು ವರ್ಷದ್ದು, ದಿನಕ್ಕೆ ಎಷ್ಟು ಇಂಚು, ಎಷ್ಟು ಸೆಂಟು ಮಳೆ ಅಂತ.

"ಸಿಕ್ತು ಮಾರಾಯ್ರೆ, ಒಂದು ದಿನವೂ ತಪ್ಪಿಲ್ಲ!" ಅಂತ ಕೂಗಿಯೇ ಬಿಟ್ಟೆ. ತಿರುಗಿದರೆ, ತಮ್ಮ ಚೀಲವೇ ಸಿಕ್ಕಿತು ಅಂದುಕೊಂಡು ಅವರು ಎದ್ದು ನಿಂತು ನಗುತ್ತಿದ್ದರು.

ವ್ಯಾಪಾರಿ ಬಂದರು, ಕಾದರು, ಹೋದರು. ಆ ಹೆಂಗಸು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರುವ ವರ್ಷ ಕಾಫಿ ಮನೆಯಲ್ಲೇ ಇಟ್ಕೊಳ್ತೀನಣ್ಣ" ಅಂತಷ್ಟೇ ಹೇಳಿ, ಕಳಸದ ಬಸ್ಸು ಹತ್ತಿದರು.